ಎಲ್‌ಪಿ 33ಕ್ಕ ಎಳೀತದ, 45ಕ್ಕ ಓಡತದ: ಈ ಪ್ಲೇಟುಗಳಿಗೆ ಇಷ್ಟು ನಮೂನಿ ಸ್ಪೀಡ್ ಯಾಕ್ರೀ?

ಮಾಳಮಡ್ಡಿ ಹುಡುಗ
ನಮ್ಮ ಅಜ್ಜನ ಟ್ರಂಕಿನಾಗಿನ ಗ್ರಾಮೋಫೋನ್ ಪ್ಲೇಟು ಎಲ್ಲಾ ಈಗ ನನ್ನ ಪಾಲಿಗೆ ಬಂದಾವ. ಮೂರು ನಮೂನಿ ಅವ, ನಿಮಿಷಕ್ಕ ಎಷ್ಟು ಸುತ್ತು ತಿರಗತಾವೋ ಅದ ನಂಬರ. ಭಾರಾಗಿರೋ 78, ಅಂಗೈಯಷ್ಟಿರೋ 7 ಇಂಚಿನ 45, ಆಮ್ಯಾಲೆ ದೊಡ್ಡ ಎಲ್‌ಪಿ, ಅದರ ಮ್ಯಾಲೆ 33⅓ ಅಂತ ಬರದದ. 33 ತಿಳೀತು, ಅದರ ಮುಂದ ಮೂರರಾಗ ಒಂದು ಪಾಲು ಯಾಕ್ರೀ? ಯಾರು ಕುಂತು ಈ ಲೆಕ್ಕಾ ಹಾಕಿದ್ರು? ಎಲ್ಲಾದಕ್ಕೂ ಒಂದ ಸ್ಪೀಡ್ ಇಟ್ಟಿದ್ರ ಅವರದೇನು ಗಂಟು ಹೋಗ್ತಿತ್ತು?

ಇನ್ನೊಂದು ತೊಂದ್ರಿ ಅದ. ಅಣ್ಣ ನ್ಯೂಜೆರ್ಸಿಯಿಂದ ಒಂದು ಹಳೇ ಪ್ಲೇಯರ್ ತಂದುಕೊಟ್ಟಾನ. ಟ್ರಾನ್ಸ್‌ಫಾರ್ಮರ್ ಹಚ್ಚಿ ಚಾಲೂ ಮಾಡೀವಿ. ಎಲ್‌ಪಿ ಹಾಕಿ 33ಕ್ಕ ಇಟ್ರ ಹಾಡೋರಿಗೆ ನಿದ್ದಿ ಬಂದಂಗ ದನಿ ಎಳೀತದ. 45ಕ್ಕ ಇಟ್ರ ಓಡತದ, ಆದ್ರ ಭಾಳ ಅಲ್ಲ, ಒಂಚೂರು. ಬೆಲ್ಟ್ ಹೊಸಾದು ಹಾಕೀನಿ. ಯಾರಿಗರೆ ಗೊತ್ತಿದ್ರ ಹೇಳ್ರಿ.

ಲೈನ್‌ಬಜಾರ್ ಪೇಡೆ
78ರಾಗ 33 ಕಳದ್ರ 45. ಮುಗೀತು, ಬಾಗಲಾ ಹಾಕ್ರಿ.

ನಿವೃತ್ತ ಗಣಿತ ಮಾಸ್ತರ
ಈ ಕತಿ ಊರೆಲ್ಲಾ ತಿರಗ್ಯಾಡತೈತಿ. 78ರಾಗ 33⅓ ಕಳದ್ರ 44⅔ ಬರತೈತಿ ತಮ್ಮಾ, 45 ಅಲ್ಲ. ಕಾಗದಾ ತಗೊಂಡು ಕಳದು ನೋಡು.

ಲೈನ್‌ಬಜಾರ್ ಪೇಡೆ
ಸರ, ಮೂರರಾಗ ಒಂದಕ್ಕ ಬೆತ್ತಾ ತಗೋಬ್ಯಾಡ್ರಿ.

ತಂಬೂರಿ
ಒಬ್ಬರು ಕುಂತು ಮೂರೂ ಸ್ಪೀಡ್ ಠರಾಯಿಸಲಿಲ್ಲ. ಬ್ಯಾರೆ ಬ್ಯಾರೆ ಕಾಲದಾಗ, ಬ್ಯಾರೆ ಬ್ಯಾರೆ ಗರಜಿಗೆ ಹುಟ್ಟಿದ್ವು. ಮೊದಲು 78ರ ಕತಿ ಹೇಳ್ತೀನಿ.

ಬರ್ಲಿನರ್ 1887ರಾಗ ಗ್ರಾಮೋಫೋನಿಗೆ ಪೇಟೆಂಟ್ ತಗೊಂಡಾಗ ಪ್ಲೇಟನ್ನ ಕೈಯಿಂದ ತಿರಗಸ್ತಿದ್ರು. ಕೈ ಹೆಂಗ ನಡೀತದೋ ಹಂಗ ಹಾಡು. 1896ರ ಸುಮಾರಿಗೆ ಎಲ್‌ಡ್ರಿಡ್ಜ್ ಜಾನ್ಸನ್ ಅನ್ನಾಂವ ಸ್ಪ್ರಿಂಗ್ ಮೋಟಾರ್ ಮಾಡಿಕೊಟ್ಟ, ಚಾವಿ ಕೊಟ್ರ ಒಂದ ಹದಕ್ಕ ತಿರಗ್ತಿತ್ತು. ಆವಾಗೂ ಎಲ್ಲಾರದೂ ಒಂದ ಸ್ಪೀಡ್ ಇರಲಿಲ್ಲ. ಒಬ್ಬರು 74ಕ್ಕ ಮುದ್ರಣ ಮಾಡಿದ್ರ ಇನ್ನೊಬ್ಬರು 76ಕ್ಕ, ಕೆಲವರು ಲೇಬಲ್ ಮ್ಯಾಲೇ 80 ಅಂತ ಹಾಕ್ತಿದ್ರು. ಚಾವಿ ಗ್ರಾಮೋಫೋನಿನ ತಟ್ಟಿ ಬಾಜೂಕ ಸ್ಪೀಡ್ ಹೆಚ್ಚು ಕಮ್ಮಿ ಮಾಡೋ ಸಣ್ಣ ಕಡ್ಡಿ ಇರತದಲ್ಲ, ಅದು ಶೋಕಿಗೆ ಇಟ್ಟದ್ದಲ್ಲ.

1925ರಿಂದ ಮೈಕು, ವಿದ್ಯುತ್ತು ಬಂದ ಮ್ಯಾಲೆ ಎಲ್ಲಾರೂ 78ಕ್ಕ ಬಂದು ನಿಂತ್ರು. ಅಮೆರಿಕಾದ ಕರೆಂಟು 60 ಹರ್ಟ್ಜ್, ಅಂದ್ರ ಸೆಕೆಂಡಿಗೆ 60 ಸಲ ಹಿಂದ ಮುಂದ ಆಗತದ. ಅದಕ್ಕ ತಾಳ ಹಿಡದು ತಿರಗೋ ಮೋಟಾರು ನಿಮಿಷಕ್ಕ 3600 ಸುತ್ತು. 46 ಹಲ್ಲಿನ ಗಿಯರ್ ಹಾಕಿ ಇಳಿಸಿದ್ರ 78.26. ಅಂದ್ರ ಖರೇ ನಂಬರ 78 ಅಲ್ಲ. ನಮ್ಮಂಗ 50 ಹರ್ಟ್ಜ್ ಇರೋ ದೇಶದಾಗ ಅದು 77.92 ಆತು. ಕಿವಿಗೆ ಫರಕ್ ಗೊತ್ತಾಗಂಗಿಲ್ಲ ಬಿಡ್ರಿ.

ಗೋಕುಲ್ ರೋಡ್ ಲೇತ್
ಮಾಳಮಡ್ಡಿ ಅಣ್ಣಾ, ಅಕ್ಕಾರು ಹರ್ಟ್ಜ್ ಅಂದ ಕೂಡ್ಲೆ ನನಗ ಹೊಳೀತು. ನಿನ್ನ ಪ್ಲೇಯರ್ ಬುಡಕ ಒಂದು ಸ್ಟಿಕ್ಕರ್ ಇರತೈತಿ, ಓದಿ ಹೇಳು. ಆಮ್ಯಾಗ ಲೇಬಲ್ ಮ್ಯಾಲೆ ಸಣ್ಣ ಕಾಗದದ ಚೂರು ಅಂಟಿಸಿ, ಮೊಬೈಲ್‌ನಾಗ ಒಂದು ನಿಮಿಷ ಹಚ್ಚಿ, ಎಷ್ಟು ಸುತ್ತು ಬರತೈತಿ ಎಣಿಸು. 33ಕ್ಕ ಇಟ್ಟು ಎಣಿಸು, 45ಕ್ಕ ಬ್ಯಾಡ, ಕಣ್ಣು ತಿರಗತಾವ.

ಬೆಟಗೇರಿ ಮಗ್ಗ
33⅓ ಹುಟ್ಟಿದ್ದು ಸಿನಿಮಾಕ್ಕ. ಇದು ಭಾಳ ಮಂದಿಗೆ ಗೊತ್ತಿಲ್ಲ. 1926ರಾಗ ವಾರ್ನರ್ ಬ್ರದರ್ಸ್‌ನವರು ವಿಟಾಫೋನ್ ಅಂತ ತಂದ್ರು. ರೀಲಿನ ಮ್ಯಾಲೆ ದನಿ ಇರಲಿಲ್ಲ, ಬಾಜೂಕ 16 ಇಂಚಿನ ಪ್ಲೇಟು ತಿರಗ್ತಿತ್ತು. 1000 ಅಡಿ ರೀಲು ಸೆಕೆಂಡಿಗೆ 24 ಚಿತ್ರದಂಗ ಓಡಿದ್ರ ಸುಮಾರು 11 ನಿಮಿಷ ಬರತೈತಿ. ಅಷ್ಟೂ ಹೊತ್ತು ಪ್ಲೇಟಿನ ಒಂದ ಬದಿ ಸಾಲಬೇಕು, ರೀಲಿನ ನಡಬರಕ ಮಗ್ಗಲಾ ಬದಲಿ ಮಾಡಾಕ ಆಗೂದಿಲ್ಲ. 78ರಾಗ ಅದು ಆಗಿಹೋಗೋ ಮಾತಲ್ಲ. ಅದಕ್ಕ ಸ್ಪೀಡ್ ಇಳಿಸಿ, ಪ್ಲೇಟು ದೊಡ್ಡದು ಮಾಡಿದ್ರು. ಅದ 3600ನ್ನ 108ರಿಂದ ಭಾಗಿಸ್ರಿ, ಬರೋಬ್ಬರಿ 33⅓. ನಿಮ್ಮ ಮೂರರಾಗ ಒಂದು ಪಾಲು ಬಂದದ್ದು ಅಲ್ಲಿಂದ. ಆ ಪ್ಲೇಟಿನಾಗ ಪಿನ್ನು ಒಳಗಿಂದ ಹೊರಗ ಬರ್ತಿತ್ತು ಅನ್ನೂದು ಇನ್ನೊಂದು ಮಜಾ.

ದುರ್ಗದಬೈಲ್ ಮಿರ್ಚಿ
1926ರಾಗ 33⅓ ಇತ್ತು ಅಂದ್ರ ಮನಿಗೆ ಬರಾಕ 1948 ಯಾಕ ಆತು? ಇಪ್ಪತ್ತೆರಡು ವರ್ಷ ಮಲಗಿದ್ರೇನು?

ತಂಬೂರಿ
ಛಲೋ ಪ್ರಶ್ನಿ ಕೇಳಿದ್ರಿ. ಆರ್‌ಸಿಎ ವಿಕ್ಟರ್‌ನವರು 1931ರಾಗ ಒಂದು ಸಲ ಮನಿಗಂತ 33⅓ ತಂದಿದ್ರು, ನಡೀಲಿಲ್ಲ. ಮಂದಿ ಕೈಯಾಗ ರೊಕ್ಕ ಇಲ್ಲದ ಕಾಲ, ಮತ್ತ ಪಿನ್ನು ಭಾರ, ಪ್ಲೇಟು ಲಗೂನ ಸವೀತಿತ್ತು.

ಸ್ಪೀಡ್ ಇಳಿಸೂದು ಗಿಯರ್ ಬದಲಿ ಮಾಡಿದಷ್ಟು ಸೋವಿ ಇಲ್ಲ. 78ರ ಪ್ಲೇಟು ಅರಗಿನದು. ಅರಗು ಒಂದ ಪಾಲು, ಉಳದದ್ದು ಕಲ್ಲಿನ ಪುಡಿ, ಕಾಡಿಗಿ. ಪುಡಿ ಹಾಕೂದು ಯಾಕಂದ್ರ ಉಕ್ಕಿನ ಪಿನ್ನು ಗೆರಿಯ ಆಕಾರಕ್ಕ ತಿಕ್ಕಿಕೊಂಡು ಕೂಡಬೇಕು. ಅದಕ್ಕ ಒಂದೊಂದು ಬದಿಗೂ ಹೊಸಾ ಪಿನ್ನು. ಆ ತಿಕ್ಕಾಟದ ಸಪ್ಪಳ ಮುಚ್ಚಬೇಕಂದ್ರ ಗೆರಿ ಅಗಲ ಇರಬೇಕು, ಸ್ಪೀಡೂ ಜೋರ ಇರಬೇಕು. ವಿನೈಲ್ ಅನ್ನೋ ಪ್ಲಾಸ್ಟಿಕ್ ಬಂತು ನೋಡ್ರಿ, ನುಣ್ಣಗ, ಸಪ್ಪಳ ಕಮ್ಮಿ. ಹಂಗಾಗಿ ಗೆರಿ ಸಣ್ಣ ಮಾಡಾಕ ಆತು, ಗೆರಿ ಸಣ್ಣ ಆದ ಮ್ಯಾಲೆ ಪಿನ್ನೂ ಸಣ್ಣ, ಹಗರ. ಇಷ್ಟು ಕೂಡಿಬಂದ ಮ್ಯಾಲೆ 33⅓ಕ್ಕ ಇಳಿಸಿದ್ರೂ ದನಿ ಕೆಡಲಿಲ್ಲ. ಕೊಲಂಬಿಯಾ ಅನ್ನೋ ಪ್ಲೇಟು ಕಂಪನಿಯವರು, ಪೀಟರ್ ಗೋಲ್ಡ್‌ಮಾರ್ಕ್ ಮತ್ತು ಅವರ ಜೊತಿಯವರು, ಇದನ್ನ 1948ರ ಜೂನ್‌ದಾಗ ಪ್ಯಾಟಿಗೆ ತಂದ್ರು.

ನಿವೃತ್ತ ಗಣಿತ ಮಾಸ್ತರ
ಅಕ್ಕಾರು ಹೇಳಿದ್ದಕ್ಕ ಲೆಕ್ಕಾ ಕೊಡತೀನಿ. 10 ಇಂಚಿನ 78, ಒಂದು ಬದಿಗೆ 3 ನಿಮಿಷ ಅಂದ್ರ 234 ಸುತ್ತು. 12 ಇಂಚಿನ ಎಲ್‌ಪಿ 22 ನಿಮಿಷ ಅಂದ್ರ 733 ಸುತ್ತು. ಗೆರಿ ಕೂಡೋ ಜಾಗಾ ಎರಡರಾಗೂ ಸುಮಾರು 3 ಇಂಚು. ಅಂದ್ರ ಸ್ಪೀಡ್ ಇಳಿಸಿದ್ದರಿಂದ ಸಿಕ್ಕಿದ್ದು ಎರಡೂವರಿ ಪಟ್ಟಿಗೂ ಕಮ್ಮಿ, ಗೆರಿ ಒತ್ತೊತ್ತಾಗಿ ಕೂಡಿಸಿದ್ದರಿಂದ ಮತ್ತ ಮೂರು ಪಟ್ಟು. ಎಲ್ಲಾರೂ ಸ್ಪೀಡ್ ಸ್ಪೀಡ್ ಅಂತಾರ, ದೊಡ್ಡ ಕೆಲಸಾ ಮಾಡಿದ್ದು ಗೆರಿ.

ಪಿನ್ನಿಂದೂ ನೋಡ್ರಿ. ಎಲ್‌ಪಿಯ ಹೊರಗಿನ ಗೆರಿ ಪಿನ್ನಿನ ಬುಡಕ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಸರೀತೈತಿ, ಲೇಬಲ್ ಹತ್ರ ಬಂದಾಗ ಬರೇ 20. ಅಲ್ಲಿ 10,000 ಹರ್ಟ್ಜ್‌ನ ಒಂದು ಅಲಿಯ ಉದ್ದ 0.02 ಮಿಲಿಮೀಟರ್. 78ರ ಪಿನ್ನಿನ ತುದಿ ತ್ರಿಜ್ಯ 0.07ಕ್ಕಿಂತ ಜಾಸ್ತಿ. ಅದು ಆ ಅಲಿಯಾಗ ಇಳದೀತು ಹೆಂಗ? ಎಲ್‌ಪಿಗೆ ಪಿನ್ನಿನ ತುದಿ ಮೂರರಾಗ ಒಂದು ಪಾಲಿಗೆ ಇಳೀಬೇಕಾತು. ಒಂದ ಎಲ್‌ಪಿಯ ಕಡೀ ಹಾಡು ಮೊದಲನೇ ಹಾಡಿಗಿಂತ ಮಬ್ಬು ಕೇಳಸತೈತಿ ಅಂತ ಅನಿಸಿದ್ರ ನಿಮ್ಮ ಕಿವಿ ಸರಿ ಐತಿ ಅಂತ ತಿಳೀರಿ.

ಮಾಳಮಡ್ಡಿ ಹುಡುಗ
ಸ್ಟಿಕ್ಕರ್ ಓದಿದೆ: 120 ವೋಲ್ಟ್, 60 ಹರ್ಟ್ಜ್. ಸುತ್ತು ಎಣಿಸಿದೆ: 28ಕ್ಕ ಒಂಚೂರು ಕಮ್ಮಿ.

ಗೋಕುಲ್ ರೋಡ್ ಲೇತ್
ಸಿಕ್ತು ಕಳ್ಳ! ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಸತೈತಿ, ಹರ್ಟ್ಜ್ ಮುಟ್ಟಂಗಿಲ್ಲ. ನಮ್ಮ ಕಡೆ ಕರೆಂಟು 50. ನಿನ್ನ ಮೋಟಾರು ಕರೆಂಟಿನ ತಾಳಕ್ಕ ತಿರಗೂದು, ಹಂಗಾಗಿ ಆರರಾಗ ಐದು ಪಾಲು ಸ್ಪೀಡ್ ಮಾತ್ರ ಬರತೈತಿ. 33⅓ಕ್ಕ 27.8 ಆತು. 45 ಅನ್ನೂದು 37.5 ಆತು, ಅದಕ್ಕ ಎಲ್‌ಪಿ ಅದರ ಮ್ಯಾಲೆ ಒಂಚೂರು ಮಾತ್ರ ಓಡತೈತಿ.

ಮೋಟಾರಿನ ತುದಿಗೆ ಎರಡು ಮೆಟ್ಟಲದ ಸಣ್ಣ ಪುಲ್ಲಿ ಐತಲ್ಲ, ಅದರ ವ್ಯಾಸ 1.2 ಪಟ್ಟು ಮಾಡಬೇಕು. 10 ಮಿಲಿಮೀಟರ್ ಇದ್ರ 12. ಎರಡೂ ಮೆಟ್ಟಲಾ ವರ್ನಿಯರ್ ಹಿಡದು ಅಳದು, ಶಾಫ್ಟಿನ ದಪ್ಪ ಎಷ್ಟಂತ ಕಳಸು. ಹಿತ್ತಾಳಿದಾಗ ಮಾಡೂನು. ತೂತು ಒಂದು ಕೂದಲದಷ್ಟು ಓರೆ ಆದ್ರೂ ಪ್ರತಿ ಸುತ್ತಿಗೂ ಸ್ವರ ಅಲಗಾಡತೈತಿ, ಸಿಕ್ಕಸಿಕ್ಕವರ ಕಡೆ ಮಾಡಸಬ್ಯಾಡ.

ಮೈಸೂರಿನ ಸೊಸೆ
ಇದಕ್ಕೆಲ್ಲ ಲೇತ್ ಯಾಕೆ? ಈಗಿನ ಪ್ಲೇಯರ್‌ಗಳಲ್ಲಿ ಡಿಸಿ ಮೋಟಾರ್ ಇರುತ್ತೆ, ಅಡಿಯಲ್ಲಿ ಒಂದು ಸ್ಕ್ರೂ ತಿರುಗಿಸಿದರೆ ಸ್ಪೀಡ್ ಸರಿಹೋಗುತ್ತೆ. ನಮ್ಮನೇಲಿ ಹಾಗೇ ಮಾಡಿದ್ದು.

ಗೋಕುಲ್ ರೋಡ್ ಲೇತ್
ಅಕ್ಕಾರ, ಡಿಸಿ ಇದ್ರ ಹರ್ಟ್ಜ್‌ನ ಗೊಡವಿನ ಇರಂಗಿಲ್ಲ. ಇವರದು ಎಸಿ ಮೋಟಾರು, ತಿರಗಸಾಕ ಸ್ಕ್ರೂನ ಇಲ್ಲ. ಏನೋ ನಮ್ಮ ಲೇತ್ ನಡೀಲಿ ಬಿಡ್ರಿ.

ಹಾವೇರಿ ಏಲಕ್ಕಿ
ಸ್ಪೀಡಿನ ಮಾತು ಬಂದದ್ದಕ್ಕ ಕೇಳತೀನಿ. ಗಂಗೂಬಾಯಿ ಹಾನಗಲ್ಲರ ಹಳೇ 78 ಒಂದು ಕೇಳಿದ್ದೆ. ದನಿ ಎಷ್ಟು ತೆಳು, ಮೇಲಿನ ಪಟ್ಟಿ! ಅವರ ದನಿ ಅಂದ್ರ ಗಂಭೀರ, ಗಂಡು ದನಿ. ಯಾರೋ ತಪ್ಪು ಸ್ಪೀಡಿಗೆ ಹಾಕಿ ಮೊಬೈಲಿಗೆ ಇಳಿಸ್ಯಾರ ಅನ್ನಸ್ತು.

ತಂಬೂರಿ
ಸ್ಪೀಡ್ ತಪ್ಪಿಲ್ಲ ಏಲಕ್ಕಿಯವರ. 1930ರ ದಶಕದಾಗ ಅವರು ಗಾಂಧಾರಿ ಅನ್ನೋ ಹೆಸರಿನಾಗ ಹಾಡಿದಾಗ ದನಿಯೇ ಹಂಗಿತ್ತು. ಮುಂದ ಗಂಟಲದ ಆಪರೇಶನ್ ಆತು, ಆಮ್ಯಾಲೆ ಬಂದದ್ದು ನಾವು ನೀವು ಕೇಳಿದ ದನಿ. ಸ್ಪೀಡ್ ಜಾಸ್ತಿ ಆಗಿದ್ದ್ರ ತಬಲಾನೂ ಚಿಟಿಚಿಟಿ ಅಂತಿತ್ತು, ತಾನಗಳೂ ಅವಸರದಾಗ ಇರ್ತಿದ್ವು. ದನಿ ಒಂದ ಕೇಳಬ್ಯಾಡ್ರಿ, ಬಾಜೂಕಿನ ಸಾಥ್ ಕೇಳ್ರಿ.

ಆದ್ರ ನಿಮ್ಮ ಸಂಶಯ ಇಡೋ ಪದ್ಧತಿ ಬರೋಬ್ಬರಿ ಅದ. 74ಕ್ಕ ಮುದ್ರಣ ಮಾಡಿದ್ದನ್ನ 78ಕ್ಕ ತಿರಗಿಸಿದ್ರ ಸುಮಾರು ಒಂದು ಅರ್ಧಸ್ವರ ಏರತದ. ಹಳೇ ಪ್ಲೇಟು ಕೇಳಿ "ಉಸ್ತಾದರು ಕಾಳಿ ದೋನ್‌ದಾಗ, ಅಂದ್ರ ಹಾರ್ಮೋನಿಯಂನ ಎರಡನೇ ಕರೀ ಪಟ್ಟಿಗೆ, ಹಾಡ್ತಿದ್ರು" ಅಂತ ಬಾಜಿ ಕಟ್ಟೋರು ಮೊದಲು ಸ್ಪೀಡ್ ನೋಡಬೇಕು.

ಹಾವೇರಿ ಏಲಕ್ಕಿ
ಹಂಗಾರ ಎಲ್‌ಪಿನ 45ಕ್ಕ ಹಾಕಿದ್ರ ಎಷ್ಟು ಏರತೈತಿ?

ತಂಬೂರಿ
ಖರೇ 45 ಇದ್ರ ಷಡ್ಜ ಹೋಗಿ ಶುದ್ಧ ಮಧ್ಯಮದ ಮ್ಯಾಲೆ ಕೂಡತದ, ಕೂದಲೆಳಿಯಷ್ಟು ಹೆಚ್ಚು. ಕಾಳಿ ಏಕ್ ಹಾಡೋರು ಕಾಳಿ ತೀನ್‌ಕ್ಕ ಹೋಗ್ತಾರ. ಗಂಡಸರು ಒಮ್ಮೆಲೇ ಹೆಂಗಸರ ಪಟ್ಟಿಗೆ ಬರೂದು ಅದಕ್ಕ.

ದುರ್ಗದಬೈಲ್ ಮಿರ್ಚಿ
ನೀವು ಏನರೆ ಅನ್ರಿ, ದನಿ ಅಂದ್ರ 78ರ ದನಿ. ಪಿನ್ನು ಇಳಿಸಿದ ಕೂಡ್ಲೆ ಎದಿಗೆ ಬಡೀತೈತಿ. ಎಲ್‌ಪಿ ಬಂದು ಹಾಡು ಸಪ್ಪಗ ಆತು.

ನಿವೃತ್ತ ಗಣಿತ ಮಾಸ್ತರ
ಸೆಕೆಂಡಿಗೆ ಒಂದು ಮೀಟರಿನ ಹತ್ರ ಗೆರಿ ಸರಿಯೂದರಿಂದ 78ಕ್ಕ ಬಲ ಐತಿ, ಅದನ್ನ ಇಲ್ಲ ಅನ್ನಂಗಿಲ್ಲ. ಆದ್ರ ಅದರ ಜೋಡಿ ಬರೋ ಶರಶರ ಸಪ್ಪಳನ್ನ ನೀವು ದನಿ ಅಂತ ಪ್ರೀತಿ ಮಾಡಾಕತ್ತೀರಿ. ಈಗಿನ ಶೋಕೀನ ಮಂದಿ 12 ಇಂಚಿನ ವಿನೈಲನ್ನ 45ಕ್ಕ ಕೊರಸ್ತಾರ. ಜಾಗಾನೂ ಐತಿ, ಸ್ಪೀಡೂ ಐತಿ, ಸಪ್ಪಳನೂ ಇಲ್ಲ. ರೇಟು ಮಾತ್ರ ಕೇಳಬ್ಯಾಡ್ರಿ.

ಬೆಟಗೇರಿ ಮಗ್ಗ
78ಕ್ಕ ಒಂದು ಮರ್ಯಾದಿ ಕೊಡ್ರಿ ಮಾಸ್ತರ. ನಮ್ಮ ಗದಗಿನಾಗ ಸಣ್ಣ ಹುಡುಗ ಭೀಮಸೇನ ಜೋಶಿ ಅಂಗಡಿ ಮುಂದ ನಿಂತು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ ಕೇಳಿದ್ದು 78ರಾಗ. ಅದನ್ನ ಕೇಳಿನ 1933ರಾಗ ಗುರುವನ್ನ ಹುಡಕಿ ಮನಿ ಬಿಟ್ಟು ಹೋದದ್ದು. ಮೂರು ನಿಮಿಷದ ಹಾಡು ಒಬ್ಬನ ಜೀವನಾನ ತಿರಿವಿ ಹಾಕ್ತು.

ತಂಬೂರಿ
ಮತ್ತ ಆ ಹುಡುಗಗ ಕಡೀಕ ಸಿಕ್ಕ ಗುರು ಕುಂದಗೋಳದ ಸವಾಯಿ ಗಂಧರ್ವರು, ಅದ ಅಬ್ದುಲ್ ಕರೀಂ ಖಾನರ ಶಿಷ್ಯ.

ಮೂರು ನಿಮಿಷದ ಜುಲುಮಿ ನಮ್ಮ ಸಂಗೀತಕ್ಕ ಏನು ಮಾಡ್ತು ಅನ್ನೂದು ಬ್ಯಾರೆ ಚರ್ಚಾ. ಒಂದು ತಾಸು ಬಡತ್ ಮಾಡೋ, ಅಂದ್ರ ಮೆಲ್ಲಕ ಬೆಳಸೋ, ರಾಗನ್ನ ಹಿಂಡಿ ಮೂರು ನಿಮಿಷಕ್ಕ ಇಳಿಸಬೇಕು. ಆಲಾಪ ಹೋತು, ವಿಲಂಬಿತ ಹೋತು, ತಾನ ಉಳೀತು. ಹೊಸಾ ಹುಡುಗರು ಆ ಪ್ಲೇಟು ಕೇಳಿ ಅವರೆಲ್ಲಾ ಹಿಂಗ ಗಡಿಬಿಡಿಲೆ ಹಾಡ್ತಿದ್ರು ಅಂತ ತಿಳಕೊಂಡ್ರ ಅನ್ಯಾಯ. ಎಲ್‌ಪಿ ಬಂದ ಮ್ಯಾಲೆ ಒಂದು ಬದಿಗೆ ಒಂದು ರಾಗ ಕೂಡ್ತು. ನನಗ ಕೇಳಿದ್ರ ಹಿಂದುಸ್ತಾನಿಗೆ 33⅓ ಮಾಡಿದಷ್ಟು ಉಪಕಾರ ಇನ್ನ್ಯಾವ ಯಂತ್ರಾನೂ ಮಾಡಿಲ್ಲ.

ದುರ್ಗದಬೈಲ್ ಮಿರ್ಚಿ
ಆಕಾಶವಾಣಿ? 1950ರಿಂದ ಧಾರವಾಡ ಸ್ಟೇಶನ್ ಪುಕ್ಕಟ ಕೇಳಸಾಕತ್ತೈತಿ. ನಮ್ಮ ಮನ್ಯಾಗ ಎಲ್‌ಪಿಗೆ ರೊಕ್ಕ ಯಾರ ಕಡೆ ಇತ್ತು?

ತಂಬೂರಿ
ಆ ಮಾತು ಒಪ್ಪಿದೆ.

ಮೈಸೂರಿನ ಸೊಸೆ
ಗಾಯಕಿ ಗೌಹರ್ ಜಾನ್ ಹೆಸರು ಯಾರೂ ಎತ್ತಲಿಲ್ಲವಲ್ಲ? 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನ್ ಕಂಪನಿಯ ಗೈಸ್‌ಬರ್ಗ್ ಮಾಡಿದ ಮುದ್ರಣಗಳಲ್ಲಿ ಹಾಡು ಮುಗಿದ ಮೇಲೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ಕೊನೆಗಾಲಕ್ಕೆ ನಮ್ಮ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು.

ಲೈನ್‌ಬಜಾರ್ ಪೇಡೆ
ಎಲ್ಲಾ ಆತು, 45 ಎಲ್ಲಿ ಹೋತು? ನನ್ನ ಲೆಕ್ಕಾ ಅಂತೂ ಒಪ್ಪಲಿಲ್ಲ.

ನಿವೃತ್ತ ಗಣಿತ ಮಾಸ್ತರ
ಕೊಲಂಬಿಯಾ 1948ರಾಗ ಎಲ್‌ಪಿ ತಂತು. ಆರ್‌ಸಿಎಗೆ ಅದನ್ನ ಒಪ್ಪಿಕೊಳ್ಳಾಕ ಮನಸಿಲ್ಲ, 1949ರಾಗ ತನ್ನದ 7 ಇಂಚಿನ 45 ಬಿಡ್ತು. ನಡಬರಕ ದೊಡ್ಡ ತೂತು, ಒಂದರ ಮ್ಯಾಲೊಂದು ಪೇರಿಸಿ ಇಟ್ರ ತಾನ ಬದಲಿ ಮಾಡಿಕೊಳ್ಳೋ ಪ್ಲೇಯರ್. ಅಮೆರಿಕಾದಾಗ ಇದನ್ನ ಸ್ಪೀಡುಗಳ ಯುದ್ಧ ಅಂತ ಕರದ್ರು. ಗಿರಾಕಿಗಳು ಯಾವುದು ತಗೋಬೇಕು ತಿಳೀದ ಎರಡನ್ನೂ ಬಿಟ್ಟು ಸುಮ್ಮನ ಕುಂತ್ರು. ಮುಂದ ಎರಡೂ ಕಂಪನಿ ರಾಜಿ ಆಗಿ, ದೊಡ್ಡ ಸಂಗೀತಕ್ಕ 33, ಬಿಡಿ ಹಾಡಿಗೆ 45 ಅಂತ ಪಾಲು ಹಚಗೊಂಡ್ರು.

ಈಗ ಲೆಕ್ಕಾ. ಒಳಗಿನ ಗೆರಿಯಾಗೂ ದನಿ ಕೆಡಬಾರದು ಅಂದ್ರ ಅಲ್ಲಿ ಇಷ್ಟು ಸ್ಪೀಡ್ ಬೇಕ ಬೇಕು ಅಂತ ಒಂದು ಮಿತಿ ಇಡ್ರಿ. ಒಳಗಿನ ಸುತ್ತು ಲೇಬಲ್‌ಗೆ ಭಾಳ ಹತ್ರ ತಂದ್ರ ಜಾಗಾ ಸಿಗತೈತಿ, ಆದ್ರ ಪ್ಲೇಟು ಜೋರ ತಿರಗಬೇಕಾಗತೈತಿ, ಟೈಮ್ ಹೋಗತೈತಿ. ದೂರ ಇಟ್ರ ನಿಧಾನ ತಿರಗಿದ್ರೂ ನಡೀತೈತಿ, ಆದ್ರ ಜಾಗಾ ಇಲ್ಲ. ಎರಡನ್ನೂ ಗುಣಿಸಿ ನೋಡಿದ್ರ, ಒಳಗಿನ ವ್ಯಾಸ ಹೊರಗಿನದರ ಅರ್ಧ ಇದ್ದಾಗ ಹೆಚ್ಚಿನ ಟೈಮ್ ಸಿಗತೈತಿ. ಪಿಯುಸಿ ಹುಡುಗರಿಗೆ ಹೇಳಿದ್ರ ಎರಡ ಸಾಲಿನಾಗ ಮಾಡ್ಯಾರು. 7 ಇಂಚಿಗೆ ಈ ಅರ್ಧದ ಲೆಕ್ಕಾ ಹಚ್ಚಿ, ಐದು ನಿಮಿಷದ ಹಾಡು ಕೂಡಬೇಕು ಅಂತ ಇಟ್ಟಾಗ ಬಂದು ನಿಂತದ್ದು 45. 3600ನ್ನ 80ರಿಂದ ಭಾಗಿಸಿದ್ರೂ 45, ಗಿಯರಿಗೂ ಅನುಕೂಲ.

ಲೈನ್‌ಬಜಾರ್ ಪೇಡೆ
ನನ್ನ ಕಳಿಯೋ ಲೆಕ್ಕಾನ ಸೋವಿ ಇತ್ತು.

ಹಾವೇರಿ ಏಲಕ್ಕಿ
ಅಲ್ಲೆ 1949ರಷ್ಟೊತ್ತಿಗೆ ಎರಡೂ ಬಂದ್ರೂ ನಮ್ಮ ದೇಶದಾಗ 78 ಲಗೂನ ಹೋಗಲಿಲ್ಲ. ಬೀಟಲ್ಸ್ ಹಾಡೂ ಇಲ್ಲೆ 78ರಾಗ ಅಚ್ಚಾಗ್ಯಾವ, 60ರ ದಶಕದಾಗ. ಹೊರಗಿನ ಮಂದಿ ಈಗ ಅವನ್ನ ಹುಡಕ್ಯಾಡಿ ಕೊಳ್ತಾರ. ನಮ್ಮ ಹಳ್ಳಿ ಮನಿಗಳಾಗ ಕರೆಂಟ ಇರಲಿಲ್ಲ, ಚಾವಿ ಗ್ರಾಮೋಫೋನು ಇತ್ತು. ಅದಕ್ಕ ಎಲ್‌ಪಿ ಕೊಟ್ಟು ಏನು ಮಾಡೂದು?

ಗೋಕುಲ್ ರೋಡ್ ಲೇತ್
ಪುಲ್ಲಿ ಆತ್ರೀ. ಮಾಳಮಡ್ಡಿ ಅಣ್ಣಾ ನಿನ್ನೆ ಬಂದು ಒಯ್ದಾನ. 33ರ ಮೆಟ್ಟಲಾ ಒಂದು ಕೂದಲೆಳಿ ದಪ್ಪ ಬಿಟ್ಟೀನಿ, ಬೇಕಾದ್ರ ಪಾಲಿಶ್ ಪೇಪರಿಲೆ ಇಳಸಾಕ ಬರತೈತಿ. ಕಮ್ಮಿ ಆಗಿದ್ರ ಹಚ್ಚಾಕ ಬರಂಗಿಲ್ಲ ನೋಡ್ರಿ.

ಮಾಳಮಡ್ಡಿ ಹುಡುಗ
ಹಾಕಿದೆ, ಎಲ್‌ಪಿ ಈಗ ಸರಿ ಬರ್ಲಿಕತ್ತದ. 45ನೂ ಹಂಗ. ಇನ್ನ 78ನ್ನೂ ಇದ ಪ್ಲೇಯರಿನ ಮ್ಯಾಲೆ ಹಾಕಲೇನು? ಅದರಾಗ ಆ ಸ್ಪೀಡ್ ಇಲ್ಲ, 45ಕ್ಕ ಹಾಕಿ ಕಂಪ್ಯೂಟರಿನಾಗ ಏರಿಸಿಕೊಂಡ್ರ ಆದೀತಲ್ಲ?

ತಂಬೂರಿ
ಸ್ಪೀಡ್ ಹಂಗ ಏರಿಸಿಕೋಬಹುದು, ಮಂದಿ ಮಾಡ್ತಾರ. ಆದ್ರ ಎಲ್‌ಪಿ ಪಿನ್ನು ಹಚ್ಚಬ್ಯಾಡ್ರಿ. ಅಗಲ ಗೆರಿಯ ತಳಕ್ಕ ಬಿದ್ದು ಅಲ್ಲಿಯ ಕಸಾ ಎಲ್ಲಾ ಕೆರೀತದ, ಗ್ವಾಡಿ ಮ್ಯಾಲಿನ ಹಾಡು ಕೇಳಸಂಗಿಲ್ಲ. 78ಕ್ಕಂತ ಬ್ಯಾರೆ ಪಿನ್ನು ಸಿಗತದ, ಅದನ್ನ ಹಾಕ್ರಿ. ಅಜ್ಜನ ಚಾವಿ ಗ್ರಾಮೋಫೋನು ಇದ್ರ ಎಲ್‌ಪಿನ ಅದರ ಮ್ಯಾಲೆ ಸುತಾರಾಂ ಹಾಕಬ್ಯಾಡ್ರಿ, ಒಂದ ಸಲಕ್ಕ ಉತ್ತು ಹಾಕತದ. ಮತ್ತ 78ನ್ನ ಸ್ಪಿರಿಟ್ ಹಚ್ಚಿ ಒರಸಬ್ಯಾಡ್ರಿ, ಅರಗು ಕರಗತದ.

ಬೆಟಗೇರಿ ಮಗ್ಗ
ನಮ್ಮ ಹಳೇ ಪ್ಲೇಯರಿನಾಗ 16 ಅಂತ ಇನ್ನೊಂದು ನಂಬರ ಐತಿ. ಅದು ಯಾವ ಪ್ಲೇಟಿಗೆ? ನಾನಂತೂ ಒಂದೂ ಕಂಡಿಲ್ಲ.

ನಿವೃತ್ತ ಗಣಿತ ಮಾಸ್ತರ
16⅔, ಎಲ್‌ಪಿಯ ಅರ್ಧ. ಮಾತಿಗೆ ಸಾಕು, ಹಾಡಿಗೆ ಸಾಲಂಗಿಲ್ಲ. ಅಮೆರಿಕಾದಾಗ ಕಣ್ಣು ಕಾಣದವರಿಗೆ ಪುಸ್ತಕ ಓದಿ ಕೇಳಸೋ ಪ್ಲೇಟು 1934ರಿಂದ 33⅓ರಾಗ ಇದ್ವು, ಮುಂದ 16⅔ಕ್ಕ ಇಳದ್ವು.

ಬೆಟಗೇರಿ ಮಗ್ಗ
ಅಂಥಾವು ಕನ್ನಡದಾಗ ಬಂದಿದ್ರ ನಮ್ಮ ವೀರೇಶ್ವರ ಪುಣ್ಯಾಶ್ರಮದ ಹುಡುಗರಿಗೆ ಎಷ್ಟು ಉಪಯೋಗ ಆಗ್ತಿತ್ತು.

ಮೈಸೂರಿನ ಸೊಸೆ
1956ರಲ್ಲಿ ಕ್ರೈಸ್ಲರ್‌ನವರು ಇದೇ 16⅔ ಸ್ಪೀಡಿನ ಪ್ಲೇಯರನ್ನು ಕಾರಿನೊಳಗೇ ಕೂರಿಸಿ ಮಾರಿದ್ದರು, ಓಡೋ ಕಾರಿನಲ್ಲಿ ಪ್ಲೇಟು ಕೇಳೋದಕ್ಕೆ. 7 ಇಂಚಿನ ಪ್ಲೇಟು, ಒಂದು ಬದಿಗೆ ಮುಕ್ಕಾಲು ಗಂಟೆ. ಬಹಳ ದಿನ ನಡೆಯಲಿಲ್ಲ.

ದುರ್ಗದಬೈಲ್ ಮಿರ್ಚಿ
ಕಾರಿನಾಗ ಪ್ಲೇಟು! ಹುಬ್ಬಳ್ಳಿ ಬಿಟ್ಟು ಉಣಕಲ್ ಮುಟ್ಟೂದ್ರಾಗ ಪಿನ್ನು ಎ ಬದಿಯಿಂದ ಬಿ ಬದಿಗೆ ಬಂದಿರತೈತಿ.

ಲೈನ್‌ಬಜಾರ್ ಪೇಡೆ
ನವನಗರದ ಹತ್ರ ಪ್ಲೇಟ ಕಿಡಕಿಯಿಂದ ಹೊರಗ. ಅದ್ಯಾವ ಸ್ಪೀಡು, ಮಾಸ್ತರ ಲೆಕ್ಕಾ ಹಾಕ್ರಿ.